ಗೈರುಹಾಜರಿಯ ಪದವಿ

ಮೊನ್ನೆ ಗಜೇಂದ್ರಗಡದಲ್ಲಿ ಅಕ್ಕನ ಮನೆಗೆ ಹೋದಾಗ ಒಳಗಿನಿಂದ ನೂಲಿನ ಗಂಜಿಯ ವಾಸನೆ ಬರುತ್ತಿತ್ತು. ಅಕ್ಕ ಮಗ್ಗಕ್ಕೆ ಕೂತಿದ್ದಳು. ಪಡಸಾಲೆಯಲ್ಲಿ ಅವಳ ಮಗಳು ಸುಧಾ ಮೊಬೈಲಿನಲ್ಲಿ ಘಟಿಕೋತ್ಸವದ ಅರ್ಜಿ ತುಂಬುತ್ತಿದ್ದಳು. ತಂದೆಯಿಲ್ಲದ ಹುಡುಗಿ, ರೋಣದ ಕಾಲೇಜಿನಲ್ಲಿ ಪಾಠ ಹೇಳುವ ಮಾಮಾ ಕೈಗೆ ಸಿಕ್ಕರೆ ಬಿಡುತ್ತಾಳೆಯೇ?

"ಪ್ರೊವಿಜನಲ್ ಅಂದ್ರ ಏನ್ರಿ ಮಾಮಾ?"

ಕಾಯಂ ಪದವಿಪತ್ರ ಬರುವವರೆಗಿನ ತಾತ್ಕಾಲಿಕ ಪತ್ರ ಎಂದೆ. ಗೌನು ಅಂದರೆ ಅವತ್ತು ತೊಡುವ ನಿಲುವಂಗಿ, ಬಾಡಿಗೆಗೂ ಸಿಗುತ್ತದೆ ಎಂದೆ. ಅದನ್ನು ಒಮ್ಮೆಯೂ ತೊಡದವನು ಹತ್ತು ಸಲ ತೊಟ್ಟವನ ಗತ್ತಿನಲ್ಲಿ ಹೇಳುತ್ತಿದ್ದೆ ನೋಡಿ.

"ಇನ್ ಅಬ್ಸೆನ್ಶಿಯಾ?"

"ಸಮಾರಂಭಕ್ಕ ಹೋಗದೇ ತರಿಸ್ಕೊಳ್ಳೋದು. ಟಪಾಲಿನ್ಯಾಗ ಬರ್ತದ." ನನ್ನ ದನಿ ಇಳಿಯಿತು.

ನನ್ನದು ಹಾಗೇ ಬಂದದ್ದು. ಸಾಲಿ ಬಿಟ್ಟು ಮಗ್ಗಕ್ಕೆ ಕೂತು ನನ್ನನ್ನು ಓದಿಸಿದವಳು ಅಕ್ಕ. ಒಮ್ಮೆ ರೊಟ್ಟಿಯ ಗಂಟು ಹೊತ್ತು ಧಾರವಾಡದ ಹಾಸ್ಟೆಲ್ಲಿಗೆ ಬಂದವಳು ಬಾಗಿಲಲ್ಲೇ ನಿಂತು ಮನೆಯಲ್ಲಿ ಕರೆಯುವ ಹಾಗೆ "ಗುಂಡ್ಯಾ" ಎಂದು ಕೂಗಿದ್ದಳು. ಗೆಳೆಯರು ರೊಟ್ಟಿಯನ್ನು ಅವತ್ತೇ ಮುಗಿಸಿದರು. ಆ ಹೆಸರನ್ನು ಮಾತ್ರ ವರ್ಷವಿಡೀ ಬಿಡಲಿಲ್ಲ.

ನಾನು ಪಾಸಾದಾಗ ಅಕ್ಕ ಮಗ್ಗಕ್ಕೆ ಹೂಡಿದ ಹಾಸಿನ ಕೊನೆಗೆ ಉಳಿದ ನೂಲಿನಲ್ಲಿ ತನಗೆಂದೇ ಒಂದು ಸೀರೆ ನೇಯ್ದಳು. ಅಲ್ಲಿಯವರೆಗೆ ಅವಳು ನೇಯ್ದದ್ದೆಲ್ಲ ಪೇಟೆಯ ಸಾಹುಕಾರರಿಗೆ ಹೋಗುತ್ತಿತ್ತು. "ನಿನ್ನ ಕರೀ ಅಂಗಿ ನೋಡಾಕ ಇದನ್ನ ಉಟ್ಕೊಂಡ ಬರ್ತೀನಿ" ಎಂದಳು.

ಅಷ್ಟು ದೊಡ್ಡ ಸಭೆಯಲ್ಲಿ ಮತ್ತೆ ಗುಂಡ್ಯಾ ಎಂದು ಕೂಗಿದರೆ? "ಅದು ರ‍್ಯಾಂಕ್ ಬಂದವರಿಗಷ್ಟ ಅಕ್ಕಾ" ಎಂದುಬಿಟ್ಟೆ. ಅರ್ಜಿಯಲ್ಲಿ ಗೈರುಹಾಜರಿಗೆ ಗುರುತು ಹಾಕಿದೆ. ಅಕ್ಕ ಆ ಸೀರೆಯ ಮಡಿಕೆಯನ್ನೂ ಬಿಚ್ಚದೆ ಉಳಿದವುಗಳ ಜೊತೆ ಸಾಹುಕಾರರಿಗೆ ಕೊಟ್ಟಳು.

"ರ‍್ಯಾಂಕ್ ಬರದವರೂ ಹೋಗಬಹುದೇನ್ರಿ?" ಸುಧಾ ಕೇಳಿದಳು.

ಮಗ್ಗದ ಸಪ್ಪಳ ನಿಂತಿತು. ಇಪ್ಪತ್ತೈದು ವರ್ಷದ ಸುಳ್ಳನ್ನು ಇನ್ನೊಮ್ಮೆ ಹೇಳಲು ನಾಲಿಗೆ ಏಳಲಿಲ್ಲ.

"ಪಾಸಾದವರೆಲ್ಲಾ ಹೋಗಬಹುದು. ಮೊದಲಿಂದೂ ಹಂಗ ಐತಿ."

ಅಕ್ಕ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದವು.

"ಎಷ್ಟ ಮಂದೀನ ಕರ್ಕೊಂಡ ಹೋಗಬಹುದವಾ?" ಎಂದು ಮಗಳನ್ನು ಕೇಳಿದಳು.

"ಇಬ್ಬರನ್ನ."

"ನಂದೊಂದು, ಮಾಮಾಂದೊಂದು ಹೆಸರ ಬರಿ. ಪಾಪ, ಅವನೂ ನೋಡಿಲ್ಲ."

ಸುಧಾ ನನ್ನ ಪೂರ್ಣ ಹೆಸರು ಕೇಳಿದಳು. ನಾನು ಬಾಯಿ ತೆರೆಯುವ ಮೊದಲು ಅಕ್ಕನೇ ಹೇಳಿದಳು: ಸರ್ಟಿಫಿಕೇಟಿನಲ್ಲಿರುವ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಒಂದಕ್ಷರ ತಪ್ಪದೆ, ಮೆಲ್ಲಗೆ. ಒಮ್ಮೆ ಗುಂಡ್ಯಾ ಎಂದಿದ್ದರೆ ಸಾಕಿತ್ತು ಅನ್ನಿಸಿತು.