ಬಿಳಿಕಾಲಿನ ಸೂಜಿಹುಳ ಮತ್ತು ರಾಬಿಯಾ ಆಪಾ

ಇವತ್ತು ಬೆಳಿಗ್ಗೆ ಬೀದರಿನ ನಮ್ಮ ಗಲ್ಲಿಯ ಚರಂಡಿಗೆ ಸೊಳ್ಳೆ ಎಣ್ಣೆ ಹೊಡೆದು ಹೋದರು. ಆ ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಭಾಲ್ಕಿಯ ಹಳ್ಳಿಗಳು ನೆನಪಾಗುತ್ತವೆ. ಅದೇ ಎಣ್ಣೆಯ ಡಬ್ಬಿ ಹೊತ್ತು ಊರೂರು ಸುತ್ತುವ ನೌಕರಿ ನನ್ನದಾಗಿತ್ತು. ಮುಂದೆ ಉದ್ದ ಹಿಡಿಯ ಸೌಟು ಹಿಡಿದು ನಡೆಯುತ್ತಿದ್ದವರು ನನಗಿಂತ ಹಿರಿಯರಾದ ರಾಬಿಯಾ ಆಪಾ. ನಿಂತ ನೀರಲ್ಲಿ ಸೌಟು ಅದ್ದಿ ಸೊಳ್ಳೆ ಮರಿ ಇವೆಯೇ ಎಂದು ನೋಡುವುದು ಅವರ ಕೆಲಸ.

ಆಪಾಗೆ ಒಂದು ಹುಚ್ಚಿತ್ತು. ಏರೋಪ್ಲೇನ್ ಚಿಟ್ಟೆ ನಿಮಗೆ ಗೊತ್ತಲ್ಲ? ಅದಕ್ಕೊಬ್ಬಳು ತೆಳ್ಳಗಿನ ತಂಗಿ ಇದ್ದಾಳೆ, ಕೂತಾಗ ರೆಕ್ಕೆಯನ್ನು ಬೆನ್ನ ಮೇಲೆ ಮಡಚಿಕೊಳ್ಳುವವಳು. ಪುಸ್ತಕದವರು ಡ್ಯಾಮ್ಸೆಲ್‌ಫ್ಲೈ ಅನ್ನುತ್ತಾರೆ, ಆಪಾ ಸೂಜಿಹುಳ ಅನ್ನುತ್ತಿದ್ದರು. ನೀಲಿಯವು, ಹಳದಿಯವು ಕಮಠಾಣದ ಕೆರೆಯಲ್ಲಿ ಬೇಕಾದಷ್ಟು. ಆಪಾಗೆ ಬೇಕಾದದ್ದು ಅಪರೂಪದ ಬಿಳಿಕಾಲಿನದು. ಎಷ್ಟೋ ಭಾನುವಾರ ಸಾಯಗಾಂವದ ಹೊಳೆದಂಡೆಯ ಕೆಸರಲ್ಲಿ ನಿಂತು ಬರಿಗೈಯಲ್ಲಿ ವಾಪಸಾಗಿದ್ದೇವೆ. ನಾನು ಹೋಗುತ್ತಿದ್ದುದು ಅವರ ಬುತ್ತಿಯ ಬಗಾರಾ ಅನ್ನದ ಆಸೆಗೆ ಎಂದು ಈಗ ಒಪ್ಪಿಕೊಂಡರೆ ತಪ್ಪಿಲ್ಲ.

ಕೊನೆಗೆ ಸಿಕ್ಕಿದ್ದು ಖಟಕ ಚಿಂಚೋಳಿಯ ಹೊರಗಿನ ನೆರಳು ತುಂಬಿದ ನಾಲಾದಲ್ಲಿ. ಕಪ್ಪು ಮೈ, ಹಾಲುಬಿಳಿ ಕಾಲು. ಆಪಾ ನನ್ನ ತೋಳು ಹಿಡಿದರು. ಉಗುರಿನ ಗುರುತು ಮರುದಿನವೂ ಇತ್ತು.

ಮುಂದಿನ ವಾರವೇ ಆ ಊರಲ್ಲಿ ಜ್ವರ ಎದ್ದಿತು. ನಿಂತ ನೀರಿಗೆಲ್ಲ ಎಣ್ಣೆ ಹಾಕಿ ಎಂದು ನಮ್ಮ ಆರೋಗ್ಯ ಇಲಾಖೆಯ ಸಾಹೇಬರ ಆದೇಶ. ಆದೇಶ ಎಂದರೆ ನನ್ನ ಕೈ ತಲೆಯನ್ನು ಕೇಳುವುದಿಲ್ಲ. ನಾಲಾದ ದಂಡೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದೇಬಿಟ್ಟೆ.

"ತಡೀರಿ ಭೈಯಾ. ಮೊದ್ಲ ಸೌಟ ಹಾಕಿ ನೋಡ್ತೇನಿ" ಎಂದರು ಆಪಾ.

"ಒಂದು ಹುಳದ ಸಲುವಾಗಿ ಮಂದಿ ಜೀವ..."

"ಮಂದಿ ಸಲುವಾಗೇ ಹೇಳ್ಲತ್ತೀನ್ರಿ."

ಇಪ್ಪತ್ತು ಸಲ ಸೌಟು ಅದ್ದಿದರು. ಸೊಳ್ಳೆ ಮರಿ ಒಂದೂ ಇರಲಿಲ್ಲ. ಬಾಲಕ್ಕೆ ಮೂರು ಎಲೆ ಅಂಟಿಸಿದಂಥ ಸೂಜಿಹುಳದ ಮರಿಗಳು ಮಾತ್ರ ಬಂದವು.

"ಸೊಳ್ಳಿ ಮರಿ ಇವೇ ತಿಂದಾವ. ಎಣ್ಣಿ ಹಾಕಿದ್ರ ಮೊದ್ಲ ಇವೇ ಸಾಯ್ತಾವ. ಜ್ವರದ ಸೊಳ್ಳಿ ಬ್ಯಾರೆ ಕಡಿ ಹುಟ್ಲತ್ತದ, ನಡೀರಿ."

ಸಂಜೆಯವರೆಗೆ ಮನೆಮನೆ ತಿರುಗಿದೆವು. ಪೀಪಾಯಿ, ಸಿಮೆಂಟಿನ ತೊಟ್ಟಿ, ಒಡೆದ ಗಡಿಗೆ, ಎಲ್ಲದರಲ್ಲೂ ಸೊಳ್ಳೆ ಮರಿ ಕುಣಿಯುತ್ತಿದ್ದವು. ಎಲ್ಲ ಚೆಲ್ಲಿಸಿದೆವು. ರಜಿಸ್ಟರಿನಲ್ಲಿ ಆಪಾ ಬರೆದರು: 'ನಾಲಾಕ್ಕೆ ಎಣ್ಣೆ ಹಾಕಿಲ್ಲ. ನಿರ್ಧಾರ ನನ್ನದು.' ನನ್ನ ಹೆಸರನ್ನೂ ಬರೆಯಿರಿ ಎಂದು ನಾನು ಹೇಳಲಿಲ್ಲ. ಆ ನಾಚಿಕೆ ಇನ್ನೂ ಇದೆ.

ಜ್ವರ ಇನ್ನೂ ಹಬ್ಬಿದರೆ ಎಂಬ ಹೆದರಿಕೆಗೆ ಎರಡು ವಾರ ನನಗೆ ಊಟ ಸೇರಲಿಲ್ಲ. ಆಪಾ ಮಾತ್ರ ನನ್ನ ಪಾಲಿನದನ್ನೂ ಉಂಡರು. ಮೂರನೆಯ ವಾರ ಹೊಸದಾಗಿ ಯಾರಿಗೂ ಜ್ವರ ಬರಲಿಲ್ಲ. ಸಾಹೇಬರು ರಜಿಸ್ಟರನ್ನು ಎರಡು ಸಲ ಓದಿ ಸಹಿ ಹಾಕಿದರು.

ಆಪಾ ಈಗ ಔರಾದಿನಲ್ಲಿ ಮಗಳ ಹತ್ತಿರ ಇದ್ದಾರೆ. ಮಂಡಿ ಸೋತಿದೆ, ಹುಚ್ಚು ಸೋತಿಲ್ಲ. ಇವತ್ತು ಹತ್ತರ ಬಸ್ಸಿಗೆ ಅಲ್ಲಿಗೇ ಹೋದೆ. ಊರ ಹೊರಗಿನ ನಾಲಾದ ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು, ಕೆಳಗೆ ನೀರಲ್ಲಿ ನಾನು. ಒಂದು ತಾಸು ಹುಡುಕಿದರೂ ಬಿಳಿಕಾಲು ಕಾಣಲಿಲ್ಲ. ಹಿಂದೆ ಆಗಿದ್ದರೆ ಅವರ ಸಮಾಧಾನಕ್ಕೆ, ಕಂಡಂಗಾತು ಎಂದುಬಿಡುತ್ತಿದ್ದೆ.

"ಇಲ್ರಿ ಆಪಾ. ಒಂದೂ ಇಲ್ಲ."

"ಪಕ್ಕಾ?"

"ಪಕ್ಕಾ."

"ಹಂಗಾರ ಇಲ್ಲೇನ್ ಕೂಡೋದು? ಮುಂದಿನ ನಾಲಾ ನೋಡೋಣ್ರಿ" ಎಂದು ಕೋಲೂರಿ ಎದ್ದರು.

ನಾನು ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದೆ.