ಅರಿಶಿನ ಬೇಯುವ ವಾಸನೆ

ನಾನು ಗುಂಡ್ಲುಪೇಟೆಯ ಬಸ್ ಕಂಡಕ್ಟರ್. ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ಗೀಚಿ ಗೀಚಿ ಒಂದು ದೆವ್ವದ ಕಾದಂಬರಿ ಬರೆದೆ. ನಮ್ಮೂರ ಹತ್ತಿರದ ಮದ್ದೂರು ಕಾಡಂಚಿನಲ್ಲೊಂದು ಪಾಳುಮನೆ, ಅಲ್ಲಿಗೆ ಬಾಡಿಗೆಗೆ ಬಂದ ಹೆಂಗಸಿನ ಮೈಮೇಲೆ ಪಿಶಾಚಿ. ಅದು ಬರುವ ಮುಂಚೆ, ಕೊಯ್ಲಿನ ಕಾಲವಲ್ಲದಿದ್ದರೂ, ಅರಿಶಿನ ಬೇಯಿಸುವ ವಾಸನೆ ಹಬ್ಬುತ್ತದೆ. ನಮ್ಮ ಕಡೆ ಆ ವಾಸನೆ ಯಾರಿಗೆ ಗೊತ್ತಿಲ್ಲ? ಓದಿದವರೆಲ್ಲ ಅದನ್ನೇ ಹೊಗಳಿದರು. ನಾನು ಉಬ್ಬಿಹೋದೆ.

ಅವ್ವನಿಗೆ ಓದಲು ಬರುವುದಿಲ್ಲ. ಸಂಜೆ ಜಗಲಿಯಲ್ಲಿ ಕೂತು ತಂಗಿಯೇ ಪುಸ್ತಕ ಪೂರ್ತಿ ಓದಿ ಹೇಳಿದಳು. ಅವ್ವ ಅದನ್ನು ಕತೆಯೆಂದು ಕೇಳಲಿಲ್ಲ, ಮಗ ಎಲ್ಲೋ ತಿಳಿದುಕೊಂಡು ಬರೆದಿದ್ದಾನೆ ಎಂದು ಕೇಳಿದಳು. ನನಗದು ಗೊತ್ತಾದಾಗ ತಡವಾಗಿತ್ತು.

ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದರೆ ತಂಗಿ ಒಳಕೋಣೆಯಲ್ಲಿದ್ದಳು, ಬಾಗಿಲಿಗೆ ಹೊರಗಿನಿಂದ ಬೀಗ. ಹಿಂದಿನ ದಿನ ಎರಡು ಸಲ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದಿತ್ತಂತೆ.

"ಯಾಕವ್ವ ಕೂಡಾಕಿದ್ದೀಯ? ಆಸ್ಪತ್ರೆಗೆ ಓಗನ, ತಗಿ."

"ಮೂರು ಶುಕ್ರವಾರ ಒಳಗೇ ಇರ್ಬೇಕು. ಉಪ್ಪು ಮುಟ್ಟಂಗಿಲ್ಲ, ಔಸ್ದಿ ಕುಡ್ಸಂಗಿಲ್ಲ. ನೀನೇ ಬರ್ದಿದ್ದೀಯಲ್ಲೋ!"

ಆ ಪರಿಹಾರವನ್ನು ನಾನು ಕಟ್ಟಿದ್ದು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ, ಟೀ ಕುಡಿಯುತ್ತಾ. ಪಿಶಾಚಿಯನ್ನು ಹೇಗೆ ಬಿಡಿಸುವುದೆಂದು ತೋಚದೆ ಬಾಯಿಗೆ ಬಂದದ್ದನ್ನು ಬರೆದಿದ್ದೆ.

"ಅದೆಲ್ಲ ಸುಳ್ಳು ಕಣವ್ವ. ಸುಮ್ಕೆ ಬರ್ದುಬುಟ್ಟೆ."

"ಸುಳ್ಳಾದ್ರೆ, ಬೀಳೋಕ್ ಮುಂಚೆ ಅವ್ಳಿಗೆ ಅರಿಸ್ನದ ವಾಸ್ನೆ ಯಾಕ್ ಬಂತು?"

ಒಳಗೆ ಮತ್ತೆ ಶುರುವಾಯಿತು, ಅವಳ ಹಿಮ್ಮಡಿ ಬಾಗಿಲಿಗೆ ಬಡಿಯುವ ಸದ್ದು. ನಾನು ಕೂಗಾಡಿದೆ, ಅವ್ವನ ಕಾಲು ಹಿಡಿದೆ, ಬಾಗಿಲಿಗೆ ಭುಜ ಕೊಟ್ಟೆ. ಹಳೇ ಕಾಲದ ಬಾಗಿಲು, ಜಪ್ಪಯ್ಯ ಅನ್ನಲಿಲ್ಲ. ಪುಸ್ತಕವನ್ನು ಅವ್ವನೆದುರೇ ಹರಿದುಹಾಕಿದೆ. ಅವ್ವ ಬಗ್ಗಿ ಹಾಳೆಗಳನ್ನು ಒಂದೊಂದಾಗಿ ಆಯ್ದು ಕಣ್ಣಿಗೊತ್ತಿಕೊಂಡಳು. ನನಗೆ ಅಳು ಬಂತು, ಸಿಟ್ಟೂ ಬಂತು.

ಕೊನೆಗೆ ನನಗೆ ಗೊತ್ತಿದ್ದ ಒಂದೇ ಕಸುಬಿಗೆ ಕೈಹಾಕಿದೆ. "ಎರಡ್ನೇ ಭಾಗ ಬರೀತಾ ಇವ್ನಿ ಕಣವ್ವ. ಅದ್ರಲ್ಲಿ, ಪಿಶಾಚಿ ಹಿಡ್ದೋಳ್ನ ಊರ ಗಡಿ ದಾಟಿಸ್ದಿದ್ರೆ ಅದು ಅವ್ಳ ಉಸ್ರು ತಗೊಂಡೇ ಓಯ್ತದೆ."

ಅವ್ವ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. ನಿಜ ಹೇಳಿದಾಗ ಕೊಡದವಳು!

ಪಕ್ಕದ ಮನೆಯವರ ಕಾರಿನಲ್ಲಿ ಚಾಮರಾಜನಗರದ ಆಸ್ಪತ್ರೆ ಮುಟ್ಟುವವರೆಗೂ ತಂಗಿಯ ತಲೆ ನನ್ನ ತೊಡೆಯ ಮೇಲಿತ್ತು. ಕರೆದರೆ ಓಗೊಡಲಿಲ್ಲ. ಇವಳೊಬ್ಬಳು ಉಳಿದರೆ ಸಾಕು, ಜನ್ಮದಲ್ಲಿ ಪೆನ್ನು ಮುಟ್ಟುವುದಿಲ್ಲ ಎಂದು ದಾರಿಯುದ್ದಕ್ಕೂ ಗೋಪಾಲಸ್ವಾಮಿಗೆ ಮೊರೆಯಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಡಾಕ್ಟರು ಇದು ಫಿಟ್ಸ್ ಎಂದರು. ಅವ್ವ ಅರಿಶಿನದ ವಾಸನೆಯ ಮಾತೆತ್ತಿದಾಗ, ಇಲ್ಲದ ವಾಸನೆ ಬರುವುದೂ ಈ ಕಾಯಿಲೆಯ ಲಕ್ಷಣವೇ, ಮೊದಲೇ ತೋರಿಸಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದರು.

"ಈ ವಾಸನೆ ಯಾವಾಗಿನಿಂದ ಬರ್ತಿದೆ?"

"ನೆನ್ನೆಯಿಂದ ಸಾಮಿ," ಎಂದಳು ಅವ್ವ.

ತಂಗಿ ನನ್ನನ್ನೇ ನೋಡುತ್ತಿದ್ದಳು. ನಿನ್ನೆಯಿಂದಲ್ಲ. ನಾನು ಕಾದಂಬರಿ ಶುರುಮಾಡುವ ಮುಂಚೆಯೇ ಒಂದು ದಿನ, ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದವಳು ತಲೆಯೆತ್ತಿ, "ಅಣ್ಣ, ಯಾರಾದ್ರೂ ಅರಿಸ್ನ ಬೇಯಿಸ್ತಾವ್ರಾ? ಈ ವಾಸ್ನೆ ಆಗಾಗ ಬತ್ತದೆ. ಆಮೇಕೆ ಒಸಿ ಹೊತ್ತು ಏನೂ ಗ್ಯಾನ ಇರಾಕಿಲ್ಲ," ಅಂದಿದ್ದಳು.

ಚೆನ್ನಾಗಿದೆ, ಇನ್ನೊಂದು ಸಲ ಹೇಳು ಅಂತ ನಾನು ಜೇಬಿನಿಂದ ಪೆನ್ನು ತೆಗೆದಿದ್ದೆ.