ನಾಲ್ಕನೇ ಪೆಟ್ಟಿಗೆಯ ನಲವತ್ತು ಸೆಕೆಂಡು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಯಾಕಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಯಂತ್ರಗಳನ್ನು ಪರೀಕ್ಷೆ ಮಾಡುತ್ತ, ದಿನಕ್ಕೆ ನೂರು ಸಲ 'ಯಾಕೆ?' ಎಂದು ಕೇಳುವವಳಿಗೆ ಬೇರೆ ಹೆಸರು ಅಂಟಿಕೊಳ್ಳುವುದಾದರೂ ಹೇಗೆ? ಲಿಫ್ಟು ಕೆಟ್ಟರೆ ಉಳಿದವರು ಗೊಣಗುತ್ತ ಮೆಟ್ಟಿಲು ಹತ್ತುತ್ತಿದ್ದರು. ಇವಳು ರಿಪೇರಿಯವನ ಪಕ್ಕದಲ್ಲಿ ನಿಂತು ಅವನ ತಲೆ ತಿನ್ನುತ್ತಿದ್ದಳು.

ಈ ಸಲ ಅವಳ ಪಾಲಿಗೆ ಬಂದದ್ದು ಏಳು ಬಿಳಿ ಪೆಟ್ಟಿಗೆಗಳು. ತಂತಿಯ ಹಂಗಿಲ್ಲದೆ ಒಂದು ಪೆಟ್ಟಿಗೆ ಪಕ್ಕದ್ದಕ್ಕೆ, ಅದು ಅದರ ಪಕ್ಕದ್ದಕ್ಕೆ, ಹೀಗೆ ಸುದ್ದಿ ದಾಟಿಸುವ, ಒಂದು ದಾರಿ ಮುಚ್ಚಿದರೆ ಇನ್ನೊಂದು ಹಿಡಿಯುವ ಮೆಶ್ ಜಾಲ. ಸೋಮವಾರ ಅವು ಆಸ್ಪತ್ರೆಗೆ ಹೋಗಬೇಕಿತ್ತು. ರೋಗಿ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ನರ್ಸ್ ಮೇಜಿನಲ್ಲಿ ಗಂಟೆ ಬಡಿಯಬೇಕಾದದ್ದು ಇವುಗಳ ಮೂಲಕವೇ. ಆ ವಾರ್ಡಿನ ಹಿರಿಯ ನರ್ಸ್ ಅವಳ ಸ್ವಂತ ತಂಗಿ. ಉಳಿದದ್ದೆಲ್ಲ ಸರಿ, ನಾಲ್ಕನೇ ಪೆಟ್ಟಿಗೆ ಮಾತ್ರ ದಿನಕ್ಕೆರಡು ಸಲ ಪ್ರಾಣ ಬಿಡುತ್ತಿತ್ತು. ಪೆಟ್ಟಿಗೆಯನ್ನು ಆಳುವ ಬುಡದ ಪ್ರೋಗ್ರಾಂ, ಅಂದರೆ ಕರ್ನೆಲ್, ಕುಸಿದು ಹಸಿರು ದೀಪ ಕೆಂಪಾಗುತ್ತಿತ್ತು. ನಲವತ್ತು ಸೆಕೆಂಡಿನ ನಂತರ ಏನೂ ಆಗೇ ಇಲ್ಲವೆಂಬಂತೆ ತಾನೇ ಎದ್ದು ಕೂರುತ್ತಿತ್ತು.

"ತಾನೇ ಏಳುತ್ತಲ್ಲ, ಬಿಡಿ ಅಕ್ಕ. ನಲವತ್ತು ಸೆಕೆಂಡು ಏನ್ ಮಹಾ?" ಎಂದರು ಮ್ಯಾನೇಜರ್.

ಯಾಕಕ್ಕ ತಂಗಿಗೆ ಫೋನ್ ಮಾಡಿ ಅದನ್ನೇ ಕೇಳಿದಳು.

"ಉಸಿರು ಕಟ್ಟಿದೋರು ಗುಂಡಿ ಒತ್ತಿದ್ರೆ ನಲವತ್ತು ಸೆಕೆಂಡು ಎಷ್ಟು ಅಂತ ಗೊತ್ತಾಗ್ಬೇಕಾ? ನೀನೇ ಉಸಿರು ಹಿಡ್ಕೊಂಡು ಎಣಿಸಿ ನೋಡಕ್ಕ," ಎಂದಳು ತಂಗಿ.

ಎಣಿಸಿದಳು. ಇಪ್ಪತ್ತೆಂಟಕ್ಕೇ ಕಣ್ಣು ಕತ್ತಲೆ ಬಂತು. ಕಾರಣ ಸಿಗದ ಹೊರತು ಪೆಟ್ಟಿಗೆ ಬಾಗಿಲು ದಾಟಕೂಡದು ಎಂದು ಅವತ್ತೇ ಹಟ ಹಿಡಿದಳು.

ಕೋಡ್ ಬರೆದವನು ಎದುರು ಮೇಜಿನ ಗಡ್ಡಪ್ಪ. ಪೆಟ್ಟಿಗೆ ತನ್ನ ಪ್ರತಿ ಹೆಜ್ಜೆಯನ್ನೂ ಬರೆದಿಡುವ ಹಾಗೆ ಅವನು ಲಾಗ್ ಹಾಕಿಕೊಟ್ಟ. ಬುಧವಾರ, ಗುರುವಾರ ಯಾಕಕ್ಕ ಬಿಲದ ಮುಂದಿನ ಬೆಕ್ಕಿನ ಹಾಗೆ ಕೂತಳು. ಬ್ಯಾಗು ಕಾಲ ಬಳಿ, ಊಟದ ಡಬ್ಬಿ ಮೇಜಿನ ಮೇಲೆ. ಪೆಟ್ಟಿಗೆ ಸಾಯಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಬೇಸತ್ತು ಲಾಗ್ ತೆಗೆಸಿದಳು. ಬ್ಯಾಗು ಎತ್ತಿಟ್ಟು ಬಂದು ಕೂರುವಷ್ಟರಲ್ಲಿ ದೀಪ ಕೆಂಪಾಗಿತ್ತು!

"ಬರೀತಾ ಇದ್ರೆ ಪೆಟ್ಟಿಗೆ ಸ್ವಲ್ಪ ನಿಧಾನ ಆಗುತ್ತಕ್ಕ. ಆ ನಿಧಾನಕ್ಕೇ ಬಚಾವಾಗ್ತಿದೆ. ಲಾಗ್ ಹಾಕೇ ಕಳಿಸಿಬಿಡೋಣ," ಎಂದ ಗಡ್ಡಪ್ಪ. ಮ್ಯಾನೇಜರರ ಮುಖ ಅರಳಿತು.

"ಯಾಕೆ ಸಾಯಲ್ಲ ಅಂತ ಗೊತ್ತಿಲ್ದೇನೇ ಕಳಿಸೋದಾ?" ಎಂದು ರೇಗಿ, ಲಾಗ್ ಹಾಕಿಸಿ ಮತ್ತೆ ಕೂತಳು.

ಮಧ್ಯಾಹ್ನ ಏಸಿ ಹಲ್ಲು ಕಟಕಟಿಸುವಷ್ಟು ಕೊರೆಯತೊಡಗಿತು. ಎದ್ದು ಹಿಂದಿನ ಸ್ಟೀಲ್ ಬೀರುವಿನಿಂದ ಸ್ವೆಟರ್ ತೆಗೆದು ಒಂದು ತೋಳು ತೂರಿಸಿದ್ದಳಷ್ಟೆ, ನಾಲ್ಕನೆಯದು ಕೆಂಪಾಯಿತು. ಲಾಗ್ ಹಾಕಿದ್ದಾಗಲೇ! ಇನ್ನೊಂದು ತೋಳು ಜೋತಾಡುತ್ತಿದ್ದ ಹಾಗೆಯೇ ನಿಂತಳು. ತೆರೆದ ಬೀರುವಿನ ಬಾಗಿಲು ಗೋಡೆಯ ಹಲಗೆಗೆ ಅಡ್ಡವಾಗಿ ನಿಂತಿತ್ತು. ಆ ಹಲಗೆಯ ಮೇಲೆ ಐದನೇ ಪೆಟ್ಟಿಗೆ. ಬಾಗಿಲು ಮುಚ್ಚಿ, ಪೆಟ್ಟಿಗೆ ಏಳುವವರೆಗೆ ಕಾದು, ಮತ್ತೆ ತೆರೆದಳು. ಹತ್ತು ಸೆಕೆಂಡು. ಕೆಂಪು. ಮೂರನೇ ಸಲವೂ ಕೆಂಪಾದಾಗ ಜೋರಾಗಿ ನಕ್ಕುಬಿಟ್ಟಳು.

"ಗಡ್ಡಪ್ಪಾ, ಇದನ್ನ ದಿನಾ ಕೊಲ್ತಾ ಇದ್ದೋಳು ನಾನೇ ಕಣೋ!"

ಬೆಳಿಗ್ಗೆ ಬ್ಯಾಗು ಇಡಲು ಒಮ್ಮೆ, ಮಧ್ಯಾಹ್ನ ಡಬ್ಬಿ ತೆಗೆಯಲು ಒಮ್ಮೆ ಆ ಬಾಗಿಲು ತೆರೆಯುತ್ತಿದ್ದವಳು ಅವಳೇ. ಸಂಜೆ ಬ್ಯಾಗು ಒಯ್ಯುವ ಹೊತ್ತಿಗೆ ಪೆಟ್ಟಿಗೆಗಳನ್ನು ಆರಿಸಿರುತ್ತಿದ್ದರು. ಸ್ಟೀಲ್ ಬಾಗಿಲು ಅಡ್ಡ ಬಂದಾಗ ಐದನೆಯದರ ಸುದ್ದಿ ನಾಲ್ಕನೆಯದಕ್ಕೆ ಮುಟ್ಟುತ್ತಿರಲಿಲ್ಲ. ನೆರೆಯವನು ಹೋದನೆಂದು ಅದು ಪಟ್ಟಿಯಿಂದ ಹೆಸರು ಅಳಿಸುತ್ತಿತ್ತು. ಆದರೆ ಆ ನೆರೆಯವನನ್ನು ಆಗಾಗ ವಿಚಾರಿಸಲು ಇಟ್ಟಿದ್ದ ಟೈಮರನ್ನು ಯಾರೂ ನಿಲ್ಲಿಸಿರಲಿಲ್ಲ. ಅದು ಖಾಲಿ ಜಾಗಕ್ಕೆ ಹೋಗಿ ಮುಗ್ಗರಿಸಿ, ಇಡೀ ಪೆಟ್ಟಿಗೆಯನ್ನೇ ಬೀಳಿಸುತ್ತಿತ್ತು. ಲಾಗಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕಾವಲು ಕೂತ ದಿನಗಳಲ್ಲಿ ಅವಳು ಬೀರುವಿನ ತಂಟೆಗೇ ಹೋಗಿರಲಿಲ್ಲ. ಊರನ್ನೆಲ್ಲ ಅನುಮಾನಿಸಿ ತನ್ನನ್ನೇ ಬಿಟ್ಟಿದ್ದಕ್ಕೆ ನಾಚಿಕೆಯಾಯಿತು. ಖುಷಿ ಅದಕ್ಕಿಂತ ಹೆಚ್ಚಾಯಿತು.

"ಹೆಸರು ಅಳಿಸೋ ಮುಂಚೆ ಟೈಮರ್ ನಿಲ್ಲಿಸ್ಬೇಕಿತ್ತು. ನಂದೇ ತಪ್ಪಕ್ಕ," ಎಂದ ಗಡ್ಡಪ್ಪ. ತಿದ್ದಲು ಬೇಕಾದದ್ದು ಮೂರೇ ಸಾಲು.

"ಹಾಗಾದ್ರೆ ಸೋಮವಾರ ಕಳಿಸಬಹುದಲ್ಲ?" ಎಂದರು ಮ್ಯಾನೇಜರ್.

"ಬುಧವಾರ. ಪರೀಕ್ಷೆ ಮಾಡ್ಬೇಕು."

"ಅಕ್ಕಾ, ನಲವತ್ತು ಸೆಕೆಂಡಿಗೋಸ್ಕರ ಎರಡು ದಿನಾನಾ?"

"ಉಸಿರು ಹಿಡೀರಿ ಸಾರ್, ನಾನು ಎಣಿಸ್ತೀನಿ."

ತಮಾಷೆಯೆಂದುಕೊಂಡು ಹಿಡಿದರು. ಇಪ್ಪತ್ತಮೂರಕ್ಕೆ ಕೈಯಾಡಿಸಿ ಸಾಕೆಂದರು. ಬುಧವಾರಕ್ಕೆ ಒಪ್ಪಿದರು. ಯಾಕಕ್ಕ ಆ ಬಾಗಿಲನ್ನು ಮುನ್ನೂರು ಸಲ ತೆರೆದು ಮುಚ್ಚಿದಳು. ಭುಜ ಬಿದ್ದುಹೋಯಿತು, ದೀಪ ಬದಲಾಗಲಿಲ್ಲ.

ಬುಧವಾರ ಪೆಟ್ಟಿಗೆಗಳ ಜೊತೆ ತಂಗಿಯ ವಾರ್ಡಿಗೆ ತಾನೂ ಹೋದಳು. ಒಳಗೆ ಕಾಲಿಟ್ಟವಳೇ ನಿಂತುಬಿಟ್ಟಳು. ಗೋಡೆಯುದ್ದಕ್ಕೂ ಆರು ಸ್ಟೀಲ್ ಬೀರುಗಳು. ಎಲ್ಲವನ್ನೂ ಜೋಡಿಸಿ ಮುಗಿದ ಮೇಲೆ ತಂಗಿ ಹೊದಿಕೆ ತೆಗೆಯಲು ಒಂದು ಬೀರುವಿನ ಬಾಗಿಲು ಎಳೆದಳು. ಅದು ಪೂರ್ತಿ ತೆರೆದು ಐದನೇ ಪೆಟ್ಟಿಗೆಯನ್ನು ಮರೆಮಾಡಿತು. ಯಾಕಕ್ಕನ ಕಣ್ಣು ನಾಲ್ಕನೆಯದರ ಮೇಲಿತ್ತು. ಹತ್ತಾಯಿತು. ಇಪ್ಪತ್ತಾಯಿತು. ದೀಪ ಹಸಿರಾಗಿಯೇ ಇತ್ತು.

ಹೊದಿಕೆ ಹಿಡಿದು ತಿರುಗಿದ ತಂಗಿ ಅಕ್ಕನ ಮುಖ ನೋಡಿದಳು.

"ಯಾಕಕ್ಕ ಹಾಗೆ ನಿಂತಿದೀಯಾ? ಉಸಿರು ಬಿಡು."